ಓದುಗರ ಪ್ರಶ್ನೆ: ಮಗು ಓದುತ್ತಿದೆಯೇ, ಒಪ್ಪಿಸುತ್ತಿದೆಯೇ?

ಪ್ರಶ್ನೆ: ನನ್ನ ಮಗಳು ಎರಡನೆಯ ತರಗತಿಯಲ್ಲಿದ್ದಾಳೆ. ವರ್ಣಮಾಲೆ, ಕಾಗುಣಿತ ಎರಡನ್ನೂ ತಡವರಿಸದೆ ಹೇಳುತ್ತಾಳೆ, ಪಠ್ಯಪುಸ್ತಕದ ಪಾಠಗಳನ್ನು ಸರಾಗವಾಗಿ ಓದುತ್ತಾಳೆ. ಆದರೆ ಬಸ್ಸಿನ ಬೋರ್ಡನ್ನೋ ಅಂಗಡಿಯ ಹೆಸರನ್ನೋ ಓದು ಎಂದರೆ ಸುಮ್ಮನಾಗುತ್ತಾಳೆ. ಇದು ಸೋಮಾರಿತನವೇ?
– ಒಬ್ಬ ತಾಯಿ, ವಿಜಯನಗರ

ಉತ್ತರ: ಸೋಮಾರಿತನವಲ್ಲ. ತಮ್ಮ ಮಗಳು ಪಾಠವನ್ನು ಓದುತ್ತಿಲ್ಲ, ಒಪ್ಪಿಸುತ್ತಿದ್ದಾಳೆ ಎಂದು ತೋರುತ್ತದೆ. ತರಗತಿಯಲ್ಲಿ ಎಲ್ಲರೂ ಕೂಡಿ ಮತ್ತೆ ಮತ್ತೆ ಹೇಳಿದ ಪಾಠ ಕಿವಿಯಿಂದಲೇ ಬಾಯಿಗೆ ಬಂದುಬಿಡುತ್ತದೆ. ಕಣ್ಣು ಪುಟದ ಮೇಲಿದ್ದರೂ ಅಕ್ಷರಗಳನ್ನು ನೋಡುವ ಅಗತ್ಯವೇ ಬೀಳುವುದಿಲ್ಲ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಪಾಠದ ಒಂದು ವಾಕ್ಯವನ್ನು ಕೊನೆಯ ಪದದಿಂದ ಹಿಂದಕ್ಕೆ ಓದಿಸಿ, ಇಲ್ಲವೆ ಅವೇ ಪದಗಳಿಂದ ಹೊಸದೊಂದು ವಾಕ್ಯ ಮಾಡಿ ಚೀಟಿಯಲ್ಲಿ ಬರೆದುಕೊಡಿ. ಆಗಲೂ ಓದಿದರೆ ಅದು ಓದು.

ಅವಳ ತೊಡಕಿಗೆ ನಮ್ಮ ಲಿಪಿಯ ಸ್ವರೂಪವೂ ಕಾರಣ. ವರ್ಣಮಾಲೆಯಲ್ಲಿರುವುದು 49 ಅಕ್ಷರಗಳೇ ಆದರೂ, 34 ವ್ಯಂಜನಗಳಿಗೆ ಸ್ವರಚಿಹ್ನೆಗಳು ಸೇರಿದಾಗ ಮಗುವಿನ ಕಣ್ಣೆದುರು 400ಕ್ಕೂ ಹೆಚ್ಚು ರೂಪಗಳು ನಿಲ್ಲುತ್ತವೆ, ಒತ್ತಕ್ಷರಗಳ ಲೆಕ್ಕ ಬೇರೆ. ಕನ್ನಡ ಕಲಿಯುವ ಮಕ್ಕಳನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಜ್ಞಾನ ಗಟ್ಟಿಯಾಗುವ ಕೆಲಸ ಎರಡನೆಯ ತರಗತಿಗೆ ಮುಗಿಯದೆ ಮುಂದಿನ ತರಗತಿಗಳಿಗೂ ಚಾಚಿಕೊಳ್ಳುತ್ತದೆ ಎಂಬುದನ್ನು ತೋರಿಸಿತು. ಎರಡನೆಯ ತರಗತಿಯ ಮಗು ಬಸ್ಸಿನ ಬೋರ್ಡಿನ ಮುಂದೆ ನಿಂತು ತಡವರಿಸಿದರೆ ಗಾಬರಿಪಡಬೇಕಾಗಿಲ್ಲ.

ಕಾಗುಣಿತವನ್ನು ರಾಗವಾಗಿ ಹೇಳಿಸುವ ಪದ್ಧತಿಗೆ ನಾನು ವಿರೋಧಿಯಲ್ಲ. ಆದರೆ ಅಷ್ಟಕ್ಕೇ ನಿಂತರೆ ಪ್ರಯೋಜನ ಕಡಿಮೆ. ‘ಕ ಕಾ ಕಿ ಕೀ’ ಎಂದು ಸಾಲಾಗಿ ಹೇಳುವ ಮಗುವಿಗೆ ‘ಕೊ’ ಒಂದನ್ನೇ ತೋರಿಸಿದರೆ, ಅದು ಮನಸ್ಸಿನಲ್ಲೇ ಮೊದಲಿನಿಂದ ಎಣಿಸಿಕೊಂಡು ಬರಬೇಕಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಎಂಬ ಬೋಧನಾ ಪದ್ಧತಿಯಲ್ಲಿ ವರ್ಣಮಾಲೆಯ ಕ್ರಮವನ್ನೇ ಬಿಟ್ಟು ‘ರ ಗ ಸ ದ ಅ’ ಎಂದು ಮೊದಲು ಮಾಡಿದ್ದಕ್ಕೆ ಅರ್ಥವಿದೆ: ಈ ಐದೇ ಅಕ್ಷರಗಳಿಂದ ಅರಸ, ಅಗಸ, ಗರಗಸ, ದಸರ ಎಂಬ ಪದಗಳನ್ನು ಮಗು ತಾನೇ ಕೂಡಿಸಿ ಓದಬಹುದು. ತಾವೂ ವಾರಕ್ಕೊಂದು ಸ್ವರಚಿಹ್ನೆಯನ್ನು ತೆಗೆದುಕೊಂಡು, ಗುಡಿಸಾದರೆ ಗಿಡ, ಗಿಳಿ, ಇಲಿ, ಕೊಂಬಾದರೆ ಗುಡಿ, ಕುರಿ, ಹುಲಿ ಎಂಬಂತೆ ಪದಗಳಲ್ಲೇ ಅದನ್ನು ಗುರುತಿಸುವುದನ್ನು ಅಭ್ಯಾಸ ಮಾಡಿಸಿ.

ಒತ್ತಕ್ಷರಗಳ ವಿಷಯದಲ್ಲಿ ಇನ್ನಷ್ಟು ತಾಳ್ಮೆ ಬೇಕು. ‘ಅಜ್ಜ’, ‘ಅಣ್ಣ’ ಎಂಬಲ್ಲಿ ಒತ್ತು ಮೂಲ ಅಕ್ಷರವನ್ನೇ ಹೋಲುವುದರಿಂದ ಮಗು ಅದನ್ನು ಊಹಿಸಬಲ್ಲದು. ‘ಅಮ್ಮ’, ‘ಅತ್ತೆ’, ‘ರಾತ್ರಿ’, ‘ವಿದ್ಯೆ’ ಎಂಬಲ್ಲಿ ಮ, ತ, ರ, ಯಗಳ ಒತ್ತುಗಳಿಗೂ ಮೂಲ ಅಕ್ಷರಗಳಿಗೂ ನೋಟದಲ್ಲಿ ಸಂಬಂಧವೇ ಕಾಣುವುದಿಲ್ಲ. ‘ಸೂರ್ಯ’ದಂತಹ ಪದದಲ್ಲಿ ಮೊದಲು ಉಚ್ಚರಿಸುವ ರಕಾರದ ಗುರುತು ಯಕಾರದ ನಂತರ ಬಂದು ಕೂರುತ್ತದೆ. ಇವನ್ನೆಲ್ಲ ಒಂದೇ ತಿಂಗಳಲ್ಲಿ ಮುಗಿಸಲು ಹೊರಡುವ ಶಾಲೆಗಳೂ ಇವೆ. ತಪ್ಪಾದ ಪದವನ್ನು ಹತ್ತು ಸಲ ಬರೆಸುವುದನ್ನೇ ಅವು ಪರಿಹಾರವೆಂದು ನಂಬಿರುತ್ತವೆ. ಹಾಗೆ ಬರೆಸಿದರೆ ಕೈಬರಹ ಸುಧಾರಿಸೀತು, ಓದು ಸುಧಾರಿಸುವುದಿಲ್ಲ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯಲ್ಲಿ ಮೂರನೆಯ ತರಗತಿಯ ಶಿಕ್ಷಕಿ. ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ಉರ್ದು ಅಥವಾ ತಮಿಳು. ಕೆಲವರು ತಪ್ಪಿಲ್ಲದೆ ಓದುತ್ತಾರೆ, ಆದರೆ ಓದಿದ್ದೇನೆಂದು ಕೇಳಿದರೆ ಉತ್ತರವಿಲ್ಲ. ಏನು ಮಾಡಲಿ?
– ಶಿಕ್ಷಕಿ, ಶಿವಾಜಿನಗರ

ಉತ್ತರ: ಆ ಮಕ್ಕಳು ಬೀದಿಯಲ್ಲಿ ಕೇಳುವ ಕನ್ನಡ ‘ಹೋಗ್ತೀನಿ’, ಪುಸ್ತಕದ ಕನ್ನಡ ‘ಹೋಗುತ್ತೇನೆ’. ಕನ್ನಡ ಮನೆಮಾತಿನ ಮಗುವೇ ಈ ಅಂತರವನ್ನು ದಾಟಬೇಕಾಗಿರುವಾಗ, ತಮ್ಮ ಮಕ್ಕಳು ಎರಡು ಅಂತರಗಳನ್ನು ದಾಟಬೇಕು. ಆದ್ದರಿಂದ ಪುಸ್ತಕ ತೆರೆಯುವ ಮೊದಲು ಚಿತ್ರವನ್ನು ಮುಂದಿಟ್ಟುಕೊಂಡು ಮಾತನಾಡಿಸಿ. ಮಗು ಉರ್ದುವಿನಲ್ಲೋ ತಮಿಳಿನಲ್ಲೋ ಹೇಳಿದರೆ ತಡೆಯದೆ, ಅದನ್ನೇ ಕನ್ನಡದಲ್ಲಿ ತಾವು ಹೇಳಿ ತೋರಿಸಿ. ದಿನವೂ ಒಂದು ಕಥೆಯನ್ನು ತಾವೇ ಭಾವಪೂರ್ಣವಾಗಿ ಓದಿ ಕೇಳಿಸಿ, ಏಕೆಂದರೆ ಪುಸ್ತಕದ ಭಾಷೆ ಮೊದಲು ಕಿವಿಗೆ ಪರಿಚಯವಾಗಬೇಕು.

ಕೇಳುವ ಪ್ರಶ್ನೆಯೂ ಬದಲಾಗಬೇಕು. ‘ಮಳೆ ಬಂದುದರಿಂದ ಅಜ್ಜಿ ಹಪ್ಪಳಗಳನ್ನು ಒಳಗೆ ತಂದರು’ ಎಂಬ ವಾಕ್ಯವನ್ನು ಓದಿಸಿ ‘ಯಾರು ತಂದರು?’ ಎಂದು ಕೇಳಿದರೆ, ಅರ್ಥವಾಗದ ಮಗುವೂ ಪುಸ್ತಕ ನೋಡಿ ‘ಅಜ್ಜಿ’ ಎಂದುಬಿಡುತ್ತದೆ. ‘ಹಪ್ಪಳ ಅಲ್ಲಿಯವರೆಗೆ ಎಲ್ಲಿತ್ತು?’ ಎಂದು ಕೇಳಿ ನೋಡಿ. ಉತ್ತರ ಪುಟದಲ್ಲಿಲ್ಲ, ಅರ್ಥಮಾಡಿಕೊಂಡವರಿಗೆ ಮಾತ್ರ ಅದು ಸಿಗುತ್ತದೆ.

ಒಂದೇ ತರಗತಿಯಲ್ಲಿ ಹಲವು ಮಟ್ಟದವರಿರುವುದು ಸಹಜ. ಮಕ್ಕಳ ಓದಿನ ಮಟ್ಟವನ್ನು ಅಳೆಯುವ ಅಸರ್ ಸಮೀಕ್ಷೆಯಲ್ಲಿ ಮಾಡುವಂತೆ ಅಕ್ಷರ, ಪದ, ಪುಟ್ಟ ಪ್ಯಾರಾ, ಕಥೆ ಎಂಬ ಮೆಟ್ಟಿಲುಗಳಲ್ಲಿ ಪ್ರತಿ ಮಗು ಎಲ್ಲಿದೆ ಎಂದು ನೋಡಿಕೊಂಡು, ಓದಿನ ಅವಧಿಗೆ ಮಾತ್ರ ಆ ಪ್ರಕಾರ ಗುಂಪು ಮಾಡಿ. ನಾಲ್ಕು, ಐದನೆಯ ತರಗತಿಗಳಿಗೆಂದು ರೂಪಿಸಿದ ‘ಓದು ಕರ್ನಾಟಕ’ ಕಾರ್ಯಕ್ರಮದ ತಿರುಳೂ ಇದೇ. ಗುಂಪುಗಳಿಗೆ ‘ಜಾಣರು’, ‘ದಡ್ಡರು’ ಎಂಬ ಅರ್ಥ ಬರದಂತೆ ಎಚ್ಚರವಿರಲಿ. ಮಕ್ಕಳು ಅದನ್ನು ಬಹುಬೇಗ ಗ್ರಹಿಸುತ್ತಾರೆ. ಪುಸ್ತಕಗಳ ಕೊರತೆಯಿದ್ದರೆ, ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಜಾಲತಾಣ ಸ್ಟೋರಿವೀವರ್‌ನಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳಿವೆ. ಅವುಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು.

ಪ್ರಶ್ನೆ: ಮೊಮ್ಮಗ ಇಂಗ್ಲಿಷ್ ಮಾಧ್ಯಮದಲ್ಲಿದ್ದಾನೆ. ಇಂಗ್ಲಿಷ್ ಓದು ಕುದುರಿದ ಮೇಲೆ ಕನ್ನಡ ಹೇಳಿಕೊಡಬಹುದೇ?
– ಒಬ್ಬ ಅಜ್ಜ, ಜಯನಗರ

ಉತ್ತರ: ಕಾಯಬೇಕಾದ ಕಾರಣವೇ ಇಲ್ಲ. ಕನ್ನಡ ಕಲಿಕಾ ಅಧಿನಿಯಮ, 2015ರ ಪ್ರಕಾರ ಶಾಲೆಯಲ್ಲಿ ಹೇಗೂ ಕನ್ನಡ ಇರುತ್ತದೆ. ಮೇಲಾಗಿ ಬರೆದಂತೆ ಉಚ್ಚರಿಸುವ ಕನ್ನಡದಲ್ಲಿ, ಅಕ್ಷರ ಕೂಡಿಸಿದರೆ ಪದವಾಗುತ್ತದೆ ಎಂಬ ಗುಟ್ಟು ಮಗುವಿಗೆ ಇಂಗ್ಲಿಷಿಗಿಂತ ಸುಲಭವಾಗಿ ಹೊಳೆಯುತ್ತದೆ.

ಪ್ರಶ್ನೆ: ಮಗ ಮೂರನೆಯ ತರಗತಿ ಮುಗಿಸುತ್ತಿದ್ದಾನೆ. ಈಗಲೂ ‘ಮ’ ಮತ್ತು ‘ವು’, ‘ಬ’ ಮತ್ತು ‘ಭ’ ಅದಲುಬದಲಾಗುತ್ತವೆ, ಒಂದು ಸಾಲು ಓದುವಷ್ಟರಲ್ಲಿ ಸುಸ್ತಾಗುತ್ತಾನೆ. ಇದು ಕಲಿಕಾ ನ್ಯೂನತೆ ಇರಬಹುದೇ?
– ಒಬ್ಬ ತಂದೆ, ಯಲಹಂಕ

ಉತ್ತರ: ಪತ್ರ ಓದಿ ಹೇಳುವಂಥದ್ದಲ್ಲ ಇದು. ತಾವು ಹೆಸರಿಸಿದ ಜೋಡಿಗಳು ಅಚ್ಚಿನಲ್ಲಿ ಎಷ್ಟು ಹೋಲುತ್ತವೆಂದರೆ, ಒಂದು, ಎರಡನೆಯ ತರಗತಿಗಳಲ್ಲಿ ಹೆಚ್ಚಿನ ಮಕ್ಕಳು ಎಡವುತ್ತಾರೆ. ಮೊದಲು ಕಣ್ಣು, ಕಿವಿಗಳ ಪರೀಕ್ಷೆ ಮಾಡಿಸಿ. ಕನ್ನಡಕ ಬಂದೊಡನೆ ಓದು ಸುಧಾರಿಸಿದ ಮಕ್ಕಳಿದ್ದಾರೆ. ನಿಯಮಿತ ಅಭ್ಯಾಸದ ನಂತರವೂ ತೊಡಕು ಹಾಗೆಯೇ ಉಳಿದರೆ ತಡಮಾಡದೆ ತಜ್ಞರನ್ನು ಕಾಣಿ. ನಮ್ಮ ನಗರದ ನಿಮ್ಹಾನ್ಸ್‌ನಲ್ಲಿ ಇದರ ಮೌಲ್ಯಮಾಪನ ನಡೆಯುತ್ತದೆ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಗುರುತಿಸಿರುವುದರಿಂದ, ಅದು ದೃಢಪಟ್ಟಲ್ಲಿ ಪರೀಕ್ಷೆಗಳಲ್ಲಿ ದೊರೆಯುವ ರಿಯಾಯಿತಿಗಳ ಬಗ್ಗೆ ಶಾಲೆಯಲ್ಲಿ ವಿಚಾರಿಸಬಹುದು. ತಜ್ಞರಲ್ಲಿಗೆ ಹೋಗುವಾಗ ಹುಡುಗನ ಹಳೆಯ ನೋಟ್‌ಬುಕ್ಕುಗಳನ್ನು, ಶಿಕ್ಷಕರು ಕೆಂಪು ಶಾಯಿಯಲ್ಲಿ ತಿದ್ದಿರುವ ಪುಟಗಳ ಸಮೇತ, ಕೊಂಡೊಯ್ಯಿರಿ.