ಪಾರ್ಕಿಗೆ ಹೋಗು ತಂಗಿ, ದಿನಾ ಹೋಗು

ತಂಗಿ,

ನಿನ್ನ ಮೆಸೇಜ್ ಬಂದಾಗ ನಾನು ದಾವಣಗೆರೆಯಲ್ಲಿ, ತವರುಮನೆಯಲ್ಲಿದ್ದೆ. ಇನ್ನೂ ಇಲ್ಲೇ ಇದ್ದೇನೆ. ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ನೀನು ದುರ್ಗ ಬಿಟ್ಟು ಮ್ಯಾಂಚೆಸ್ಟರಿಗೆ ಹೋಗಿ ಐದು ವಾರ ಆಯಿತು ಅಂದೆ. ನಾನು ಆ ಊರಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ನೀನು ಕೇಳಿದ್ದು ಇಷ್ಟು. ಮನೆಯವರು ಆಸ್ಪತ್ರೆ ಡ್ಯೂಟಿಗೆ ಹೋದ ಮೇಲೆ ನಾಲ್ಕು ವರ್ಷದ ಮಗಳ ಜೊತೆ ದಿನ ಹೇಗೆ ಕಳೆಯೋದು? ಅಕ್ಕಪಕ್ಕದವರು ಮಾತಾಡಲ್ಲ, ನಾಲ್ಕು ಗಂಟೆಗೇ ಕತ್ತಲು. ಟ್ರಾಮಿನಲ್ಲಿ ಹೋಗುವಾಗ ಒಂದು ದೊಡ್ಡ ಪಾರ್ಕ್ ಕಾಣುತ್ತೆ. ಅದಕ್ಕೆ ಟಿಕೆಟ್ ಇದೆಯಾ? ನಮ್ಮಂಥೋರು ಸುಮ್ನೆ ಹೋಗಿ ಕೂತರೆ ಯಾರಾದ್ರೂ ಏನಾದ್ರೂ ಅಂತಾರಾ?

ಈ ಕೊನೆಯ ಮಾತು ಓದಿ ನನಗೆ ಗಂಟಲು ಕಟ್ಟಿತು. ಯಾಕಂದ್ರೆ ನನ್ನ ಮೊದಲನೇ ಚಳಿಗಾಲದಲ್ಲಿ ನಾನೂ ಪಾರ್ಕಿನ ಗೇಟಿನವರೆಗೆ ಹೋಗಿ ಮೂರು ಸಲ ವಾಪಸ್ ಬಂದಿದ್ದೆ. ಒಳಗೆ ಎಲ್ಲರೂ ನಾಯಿ ಹಿಡಿದುಕೊಂಡು, ದೊಡ್ಡ ಕೋಟು ಹಾಕಿಕೊಂಡು, ತಮ್ಮ ಮನೆ ಅಂಗಳದಲ್ಲಿ ಓಡಾಡುವ ಹಾಗೆ ಓಡಾಡುತ್ತಿದ್ದರು. ಇದು ಅವರದ್ದು, ನನ್ನದಲ್ಲ ಅನ್ನಿಸಿತ್ತು. ಆಮೇಲೆ ಹನ್ನೊಂದು ದಿನ ಮನೆಯಿಂದ ಆಚೆಗೇ ಬರಲಿಲ್ಲ. ಆ ಹನ್ನೊಂದು ದಿನ ನಿನಗೆ ಬರಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಟಿಕೆಟ್ ಇಲ್ಲ. ಯಾರೂ ಏನೂ ಕೇಳಲ್ಲ. ಬೀದಿಯಲ್ಲಿ ನಾನು ಒಂದೆರಡು ಸಲ ಕೆಟ್ಟ ಮಾತು ಕೇಳಿದ್ದೇನೆ, ಸುಳ್ಳು ಹೇಳಲ್ಲ. ಪಾರ್ಕಿನಲ್ಲಿ ಒಂದು ಸಲವೂ ಕೇಳಿಲ್ಲ. ನೀನು ನೋಡಿದ್ದು ಹೀಟನ್ ಪಾರ್ಕ್. ಆರುನೂರು ಎಕರೆಗೂ ಜಾಸ್ತಿ. ಬೆಂಗಳೂರಿನ ಲಾಲ್‌ಬಾಗ್ 240 ಎಕರೆ, ಅದರ ಎರಡೂವರೆ ಪಟ್ಟು ಅಂದುಕೋ. ಮೊದಲು ಒಂದು ಶ್ರೀಮಂತ ಮನೆತನದ ಎಸ್ಟೇಟ್ ಆಗಿತ್ತು. 1902ರಲ್ಲಿ ಮ್ಯಾಂಚೆಸ್ಟರ್ ನಗರಪಾಲಿಕೆ ಊರ ಜನಕ್ಕೆ ಅಂತ ಕೊಂಡುಕೊಂಡಿತು. ನೀನು ಈಗ ಆ ಊರ ಜನ. ಇನ್ನೇನು ಬೇಕು?

ಒಳಗೆ ಹೋಗುವ ಈ ಹಕ್ಕು ಎಲ್ಲ ಕಡೆ ಸುಮ್ನೆ ಬಂದದ್ದಲ್ಲ. ಲಂಡನ್ ಹತ್ತಿರ ರಿಚ್ಮಂಡ್ ಪಾರ್ಕ್ ಅಂತ ಇದೆ, ಇವತ್ತಿಗೂ ಜಿಂಕೆಗಳು ಬಯಲಿನಲ್ಲೇ ಮೇಯುತ್ತವೆ. ಒಂದನೇ ಚಾರ್ಲ್ಸ್ ರಾಜ ಬೇಟೆಗೆ ಅಂತ ಅದಕ್ಕೆ ಗೋಡೆ ಕಟ್ಟಿಸಿದ. ಆದರೂ ಜನ ಒಳಗೆ ಓಡಾಡುತ್ತಿದ್ದರು. ನೂರು ವರ್ಷದ ಮೇಲೆ ಅದರ ಉಸ್ತುವಾರಿ ಅಮೇಲಿಯಾ ರಾಜಕುಮಾರಿಗೆ ಬಂತು. ಆಕೆ ತನ್ನವರಿಗೆ ಬಿಟ್ಟು ಉಳಿದವರಿಗೆಲ್ಲ ಗೇಟ್ ಮುಚ್ಚಿಸಿದಳು. ಆಗ ಜಾನ್ ಲೂಯಿಸ್ ಅನ್ನುವ ಬಿಯರ್ ತಯಾರಿಸುವವನೊಬ್ಬ ಗೇಟಿಗೆ ಹೋಗಿ ಒಳಗೆ ಬಿಡು ಅಂದ. ಬಿಡಲಿಲ್ಲ. ಕೋರ್ಟಿಗೆ ಹೋದ. 1758ರಲ್ಲಿ ಗೆದ್ದ. ಬಾಗಿಲು ಬೇಕಾ, ಗೋಡೆಗೆ ಏಣಿ ಬೇಕಾ ಅಂತ ಕೇಳಿದರು. ಬಾಗಿಲಾದರೆ ಮತ್ತೆ ಬೀಗ ಬೀಳಬಹುದು, ಏಣಿ ಕೊಡಿ ಅಂದ. ಏಣಿ ಇಟ್ಟರು, ಆದರೆ ಮೆಟ್ಟಿಲು ಒಂದಕ್ಕೊಂದು ದೂರ ದೂರ. ಇದನ್ನು ಮಕ್ಕಳು, ವಯಸ್ಸಾದವರು ಹತ್ತೋಕೆ ಆಗಲ್ಲ ಅಂತ ಆತ ಮತ್ತೆ ಹೋಗಿ ದೂರು ಕೊಟ್ಟ. ಅದನ್ನೂ ಸರಿ ಮಾಡಿಸಿದ. ನನಗೆ ಈ ಎರಡನೇ ದೂರು ತುಂಬಾ ಇಷ್ಟ. ತಾನು ಹತ್ತಬಹುದಾಗಿತ್ತು ಅಲ್ವಾ, ಸುಮ್ಮನಿರಬಹುದಿತ್ತು.

ಇನ್ನು ನಿನ್ನ ಈಗಿನ ಊರಿನದೇ ಕಥೆ ಹೇಳುತ್ತೇನೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು, ಕೇಳಿರುತ್ತೀಯ. ನಮ್ಮಪ್ಪ ಇಲ್ಲಿಯ ಒಂದು ಹತ್ತಿ ಮಿಲ್ಲಿನಲ್ಲಿ ಸ್ಪಿನ್ನಿಂಗ್ ವಿಭಾಗದಲ್ಲಿದ್ದರು. ಮಿಲ್ಲಿನ ಸೈರನ್ ಕೇಳಿಯೇ ನಾವು ಮಕ್ಕಳು ಎದ್ದು ಸ್ಕೂಲಿಗೆ ರೆಡಿ ಆಗುತ್ತಿದ್ದೆವು. ಅಪ್ಪ ಮನೆಗೆ ಬಂದರೆ ಹುಬ್ಬಿನ ಮೇಲೂ ಹತ್ತಿ ಧೂಳು. ಅಸಲಿ ಮ್ಯಾಂಚೆಸ್ಟರಿನಲ್ಲೂ ಹಾಗೇ ಇತ್ತು, ಇನ್ನೂ ಕೆಟ್ಟದಾಗಿ. ಊರೆಲ್ಲ ಹೊಗೆ, ಒತ್ತಿಕೊಂಡ ಮನೆಗಳು, ಕೆಲಸದವರಿಗೆ ಕಾಲು ಚಾಚಿ ಕೂರಲು ಒಂದು ಹಸಿರು ಜಾಗ ಇಲ್ಲ. ಕೊನೆಗೆ ಊರವರೇ ಚಂದಾ ಎತ್ತಿದರು. ಮಿಲ್ಲಿನ ಕೆಲಸದವರೂ ಕೈಲಾದಷ್ಟು ಹಾಕಿದರು. 1846ರ ಆಗಸ್ಟ್ 22ರಂದು, ಒಂದೇ ದಿನ, ಮೂರು ಪಾರ್ಕ್ ತೆರೆದವು. ಮ್ಯಾಂಚೆಸ್ಟರಿನಲ್ಲಿ ಕ್ವೀನ್ಸ್ ಪಾರ್ಕ್ ಮತ್ತು ಫಿಲಿಪ್ಸ್ ಪಾರ್ಕ್, ಪಕ್ಕದ ಸಾಲ್ಫರ್ಡಿನಲ್ಲಿ ಪೀಲ್ ಪಾರ್ಕ್. ಮೂರೂ ಇವತ್ತಿಗೂ ಇವೆ. ಕ್ವೀನ್ಸ್ ಪಾರ್ಕ್ ನಿನ್ನ ಮನೆಯಿಂದ ದೂರ ಏನಲ್ಲ.

ಅಪ್ಪ ಒಮ್ಮೆ ನಮ್ಮ ಮನೆಗೆ ಬಂದಾಗ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಈ ಕಥೆ ಹೇಳಿದೆ. ಅವರು ಜಾಸ್ತಿ ಮಾತಿನವರಲ್ಲ. ಒಂದು ಬೆಂಚಿನ ಮೇಲೆ ಕೂತು ಸುಮಾರು ಹೊತ್ತು ಮರಗಳನ್ನೇ ನೋಡಿದರು. ಆಮೇಲೆ "ನಮ್ಮ ಮಿಲ್ಲಿನವರಿಗೂ ಹಿಂಗೊಂದು ಜಾಗ ಇದ್ದಿದ್ರೆ ಪಾಳಿ ಮುಗಿದ ಮೇಲೆ ನೆಟ್ಟಗೆ ಉಸಿರಾದ್ರೂ ಆಡತಿದ್ವಿ" ಅಂದರು. ಅಪ್ಪ ಈಗ ಇಲ್ಲ. ನಾನು ಅಲ್ಲಿ ಹೋದಾಗೆಲ್ಲ ಅದೇ ಬೆಂಚಿನ ಮೇಲೆ ಕೂರುತ್ತೇನೆ.

ಬೆಂಚು ಅಂದಾಗ ನೆನಪಾಯಿತು. ಅಲ್ಲಿಯ ಬೆಂಚುಗಳ ಮೇಲೆ ಸಣ್ಣ ಲೋಹದ ಫಲಕ ಇರುತ್ತೆ, ಓದು. ಇಂಥವರಿಗೆ ಈ ಜಾಗ ತುಂಬಾ ಇಷ್ಟವಿತ್ತು ಅಂತ ಮನೆಯವರು ಬರೆಸಿರುತ್ತಾರೆ. ನಮ್ಮ ಕಡೆ ಕಲ್ಲು ಬೆಂಚಿನ ಮೇಲೆ ಜ್ಞಾಪಕಾರ್ಥ ಅಂತ ಬರೆಸಲ್ವಾ, ಹಾಗೇ. ನನಗೆ ಆ ಊರು ಪರಕೀಯ ಅನ್ನಿಸುವುದು ಮೊದಲು ಕಡಿಮೆಯಾದದ್ದು ಆ ಫಲಕಗಳನ್ನು ಓದಿದಾಗ. ಇವರೂ ಸತ್ತವರನ್ನು ಮರದ ನೆರಳಿನಲ್ಲಿ ಕೂರಿಸಿಯೇ ನೆನೆಯುತ್ತಾರಲ್ಲ ಅನ್ನಿಸಿತು.

ಈಗ ಮಾಡಬೇಕಾದ್ದು ಹೇಳುತ್ತೇನೆ. ದಿನಾ ಒಂದೇ ಪಾರ್ಕಿಗೆ, ಒಂದೇ ಹೊತ್ತಿಗೆ ಹೋಗು. ಇದೇ ಮುಖ್ಯ. ಇವತ್ತು ಇಲ್ಲಿ, ನಾಳೆ ಅಲ್ಲಿ ಅಂತ ಸುತ್ತಬೇಡ. ಡಿಸೆಂಬರಿನಲ್ಲಿ ಬೆಳಗ್ಗೆ ಹತ್ತು ಗಂಟೆ ಒಳ್ಳೆಯದು, ಇರುವಷ್ಟು ಬೆಳಕು ಸಿಗುತ್ತೆ. ಮೊದಲನೇ ವಾರ ಯಾರೂ ಮಾತಾಡಲ್ಲ. ಎರಡನೇ ವಾರ ನಾಯಿ ಹಿಡಿದ ಅಜ್ಜಿಯೊಬ್ಬರು ತಲೆ ಆಡಿಸುತ್ತಾರೆ. ಮೂರನೇ ವಾರ "ಚಳಿ ಅಲ್ವಾ" ಅನ್ನುತ್ತಾರೆ. ಅಲ್ಲಿಯವರ ಮಾತು ಹವಾಮಾನದಿಂದಲೇ ಶುರು. ನಮ್ಮಲ್ಲಿ "ಊಟ ಆತಾ?" ಅನ್ನಲ್ವಾ, ಆ ಥರ. ಅದಕ್ಕೆ ಉತ್ತರ ಕೊಡು, ಸಾಕು. ನಾನು ಹೋಗದೆ ಎರಡು ದಿನ ಜ್ವರದಲ್ಲಿ ಮಲಗಿದ್ದಾಗ, ಮೂರನೇ ದಿನ ಹೀಗೆ ಗುರುತಾದ ಒಬ್ಬ ಹೆಂಗಸು "ಎಲ್ಲಿ ಹೋಗಿದ್ದಿರಿ?" ಅಂತ ಕೇಳಿದರು. ಆ ದೇಶದಲ್ಲಿ ನಾನು ಕಾಣಲಿಲ್ಲ ಅಂತ ಗಮನಿಸಿದ ಮೊದಲ ಜೀವ ಅದು. ಇವತ್ತಿಗೂ ನಮ್ಮ ಮನೆ ಯುಗಾದಿಗೆ ಬರುತ್ತಾರೆ.

ಮಗಳಿಗೆ ರಬ್ಬರ್ ಬೂಟು, ನೀರು ಇಳಿಯದ ಕೋಟು ಕೊಡಿಸು. ಅಲ್ಲಿಯ ಮಕ್ಕಳು ಮಳೆಯಲ್ಲೇ ಆಡುತ್ತವೆ, ಕೆಸರಿಗೆ ಹಾರುತ್ತವೆ, ಯಾರೂ ಬೈಯಲ್ಲ. ಆಟದ ಜಾಗಕ್ಕೆ ಬೇಲಿ ಇರುತ್ತೆ, ನಾಯಿ ಒಳಗೆ ಬರಲ್ಲ. ಹೊರಗೆ ಮಾತ್ರ ನಾಯಿಗಳನ್ನು ಬಿಟ್ಟಿರುತ್ತಾರೆ. ಮಗಳಿಗೆ ಭಯ ಆದರೆ ಮಾಲೀಕರಿಗೆ ಹೇಳು, ಕರೆದುಕೊಳ್ಳುತ್ತಾರೆ. ಬೇರೆಯವರ ಮಗು ಎಷ್ಟೇ ಮುದ್ದಾಗಿದ್ದರೂ ಕೆನ್ನೆ ಮುಟ್ಟಬೇಡ, ಫೋಟೋ ತೆಗೆಯಬೇಡ. ಬಾತುಕೋಳಿಗೆ ಬ್ರೆಡ್ ಹಾಕಬೇಡ, ಅದು ಅವಕ್ಕೆ ಒಳ್ಳೆಯದಲ್ಲ. ಬಟಾಣಿ ಅಥವಾ ಓಟ್ಸ್ ಹಾಕು. ಇನ್ನೊಂದು ಮಾತು, ಪೂಜೆಗೆ ಅಂತ ಹೂವು ಕೀಳಬೇಡ. ಇಲ್ಲಿ ನಾವು ವಾಕಿಂಗ್ ಮುಗಿಸಿ ಬರುವಾಗ ಬೇಲಿ ಮೇಲಿನ ನಾಲ್ಕು ದಾಸವಾಳ ಕಿತ್ತು ತರುತ್ತೇವಲ್ಲ, ಅಲ್ಲಿ ಅದು ನಡೆಯಲ್ಲ. ಅಕ್ಟೋಬರಿನಲ್ಲಿ ಕುದುರೆ ಚೆಸ್ಟ್‌ನಟ್ ಮರದ ಕೆಳಗೆ ಹೊಳೆಯುವ ಕಂದು ಬೀಜ ಬಿದ್ದಿರುತ್ತವೆ, ಮಕ್ಕಳು ದಾರಕ್ಕೆ ಪೋಣಿಸಿ ಹೊಡೆದಾಡುತ್ತಾರೆ. ಆಡಲಿ, ಆದರೆ ಬಾಯಿಗೆ ಹಾಕಲು ಬಿಡಬೇಡ, ವಿಷ.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಹೀಟನ್ ಪಾರ್ಕಿನಲ್ಲಿ ಪಾರ್ಕ್‌ರನ್ ಇರುತ್ತೆ. ಐದು ಕಿಲೋಮೀಟರ್, ದುಡ್ಡಿಲ್ಲ. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಓಡಿ ಶುರುವಾದದ್ದು, ಈಗ ಎಷ್ಟೋ ದೇಶದಲ್ಲಿದೆ. ಓಡಲೇಬೇಕು ಅಂತಿಲ್ಲ, ನಡೆಯಬಹುದು. ಎಲ್ಲರಿಗಿಂತ ಹಿಂದೆ ನಡೆಯಲು ಅಂತಲೇ ಒಬ್ಬ ಕಾರ್ಯಕರ್ತರು ಇರುತ್ತಾರೆ, ಹಾಗಾಗಿ ನೀನು ಕೊನೆಯವಳಾಗುವುದೇ ಇಲ್ಲ. ನಾಲ್ಕು ವರ್ಷದಿಂದ ಹದಿನಾಲ್ಕರವರೆಗಿನ ಮಕ್ಕಳಿಗೆ ಭಾನುವಾರ ಎರಡು ಕಿಲೋಮೀಟರಿನದು ಬೇರೆ ಇದೆ. ಎಲ್ಲ ಪಾರ್ಕಿನಲ್ಲಿ ಇರಲ್ಲ, ಹತ್ತಿರದ್ದು ನೋಡಿಕೋ. ಓಡುವುದಕ್ಕಿಂತ ಅಲ್ಲಿ ಕೈಜೋಡಿಸುವ ಕೆಲಸಕ್ಕೆ ಹೆಸರು ಕೊಡು. ನಾನು ಓಟ ಮುಗಿಸಿದವರಿಗೆ ಟೋಕನ್ ಹಂಚುತ್ತಾ ನಿಂತಿದ್ದ ಒಂದೇ ಬೆಳಗ್ಗೆಯಲ್ಲಿ, ಅದಕ್ಕೆ ಮುಂಚಿನ ಎರಡು ವರ್ಷಕ್ಕಿಂತ ಜಾಸ್ತಿ ಜನರ ಜೊತೆ ಮಾತಾಡಿದೆ.

ನೀನು ಮುಂದೆ ಬೇರೆ ಬೇರೆ ಊರಿಗೆ ಹೋಗುತ್ತೀಯ. ಎಲ್ಲಿ ಹೋದರೂ ಮೊದಲು ಪಾರ್ಕ್ ನೋಡು. ಸಿಂಗಪುರದಲ್ಲಿ ವಿಮಾನ ಬದಲಿಸುವಾಗ ಸಮಯವಿದ್ದರೆ ಬೊಟಾನಿಕ್ ಗಾರ್ಡನ್ಸ್‌ಗೆ ಹೋಗು. 1859ರದ್ದು, ಬೆಳಗಿನ ಐದು ಗಂಟೆಗೇ ತೆರೆದಿರುತ್ತೆ. ಬರ್ಲಿನ್ನಿನಲ್ಲಿ ಟೆಂಪಲ್‌ಹೋಫ್ ಅನ್ನುವ ವಿಮಾನ ನಿಲ್ದಾಣ 2008ರಲ್ಲಿ ಮುಚ್ಚಿತು. ಎರಡು ವರ್ಷದ ಮೇಲೆ ಅದನ್ನೇ ಪಾರ್ಕ್ ಮಾಡಿದರು. ರನ್‌ವೇ ಮೇಲೆ ಮಕ್ಕಳು ಸೈಕಲ್ ಹೊಡೆಯುತ್ತಾರೆ, ಗಾಳಿಪಟ ಬಿಡುತ್ತಾರೆ. ಅಂಚಿನಲ್ಲಿ ಮನೆ ಕಟ್ಟುತ್ತೇವೆ ಅಂದಾಗ 2014ರಲ್ಲಿ ಊರ ಜನ ವೋಟು ಹಾಕಿ, ಬಯಲು ಬಯಲಾಗಿಯೇ ಇರಲಿ ಅಂದರು. ನಮ್ಮ ಹೈಸ್ಕೂಲ್ ಮೈದಾನ ನೆನಪಾಗಿ ನನಗೆ ಅಲ್ಲಿಂದ ಏಳುವ ಮನಸ್ಸೇ ಬರಲಿಲ್ಲ.

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ತಮ್ಮ ಕರೆದುಕೊಂಡು ಹೋಗಿದ್ದ. 843 ಎಕರೆ. ಅದರ ಬೇರು ನಿನ್ನ ಹತ್ತಿರವೇ ಇದೆ. ಲಿವರ್‌ಪೂಲ್ ಎದುರಿನ ಬರ್ಕನ್‌ಹೆಡ್ಡಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ರೂಪಿಸಿದ ಪಾರ್ಕ್ 1847ರಲ್ಲಿ ತೆರೆಯಿತು, ಊರಿನ ಹಣದಲ್ಲಿ ಕಟ್ಟಿದ್ದು. 1850ರಲ್ಲಿ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಅನ್ನುವ ಅಮೆರಿಕದವರು ಅಲ್ಲಿಗೆ ಬಂದರು. ಬಡವರು ಶ್ರೀಮಂತರು ಅನ್ನದೆ ಎಲ್ಲರೂ ಒಂದೇ ಹಾದಿಯಲ್ಲಿ ನಡೆಯುವುದನ್ನು ನೋಡಿದರು. ತಮ್ಮ ದೇಶದಲ್ಲಿ ಇಂಥದ್ದೊಂದು ಇಲ್ಲವಲ್ಲ ಅಂದುಕೊಂಡರು. ಎಂಟು ವರ್ಷದ ಮೇಲೆ ಅವರು ಮತ್ತು ಕ್ಯಾಲ್ವರ್ಟ್ ವಾಕ್ಸ್ ಸೇರಿ ಮಾಡಿದ ನಕ್ಷೆಯೇ ಸೆಂಟ್ರಲ್ ಪಾರ್ಕ್ ಆಯಿತು. ಅಲ್ಲಿಯ ಕೆರೆಗಳೆಲ್ಲ ಮನುಷ್ಯರೇ ಮಾಡಿದ್ದು. ಊರ ಗಾಡಿಗಳು ಅಡ್ಡ ದಾಟುವ ರಸ್ತೆಗಳನ್ನು ನೆಲಮಟ್ಟಕ್ಕಿಂತ ಕೆಳಗೆ ಇಳಿಸಿದರು, ನಡೆಯುವವರಿಗೆ ಗೊತ್ತೇ ಆಗಬಾರದು ಅಂತ. ಇದನ್ನೂ ಹೇಳಬೇಕು, ಆ ಜಾಗದಲ್ಲಿ ಸೆನೆಕಾ ವಿಲೇಜ್ ಅಂತ ಒಂದು ಊರಿತ್ತು. ಬಹುಪಾಲು ಕಪ್ಪು ಜನ, ಸ್ವಂತ ಮನೆ, ಚರ್ಚು, ಸ್ಕೂಲು ಎಲ್ಲ ಇತ್ತು. 1857ರಲ್ಲಿ ಅವರನ್ನು ಎಬ್ಬಿಸಿದರು. ಪಾರ್ಕಿನ ಪಶ್ಚಿಮದ ಕಡೆ, 82ರಿಂದ 89ನೇ ಬೀದಿಯ ನೇರಕ್ಕೆ. ಅಲ್ಲಿ ಹೋದಾಗ ಒಂದು ನಿಮಿಷ ನಿಲ್ಲು.

ಅದೇ ಪ್ಯಾಕ್ಸ್‌ಟನ್ 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜು ಮತ್ತು ಕಬ್ಬಿಣದ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿಸಿದರು. ಅದರ ಮಾದರಿಯಲ್ಲಿ 1889ರಲ್ಲಿ ಲಾಲ್‌ಬಾಗ್ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಲಾಲ್‌ಬಾಗ್ ನೋಡಿ ನಮ್ಮ ದಾವಣಗೆರೆಯ ಕುಂದವಾಡ ಕೆರೆ ಹತ್ತಿರ ಗಾಜಿನ ಮನೆ ಬಂತು. ಇವತ್ತು ಬೆಳಗ್ಗೆ ಅಮ್ಮನ ಜೊತೆ ಅಲ್ಲೇ ಕೆರೆ ಏರಿ ಮೇಲೆ ನಡೆದೆ. ಅಮ್ಮ ತಲೆಗೆ ಶಾಲು ಸುತ್ತಿಕೊಂಡಿದ್ದರು. "ಮಗಳು ಬಂದಾಳೇನು? ಎಷ್ಟು ದಿನ ಇರ್ತಾಳ?" ಅಂತ ಹತ್ತು ಜನ ನಿಲ್ಲಿಸಿ ಕೇಳಿದರು. ಅಮ್ಮ ಯಾರಿಗೂ ಫೋನ್ ಮಾಡಲ್ಲ, ಯಾರ ಮನೆಗೂ ಹೋಗಲ್ಲ. ಅಪ್ಪ ಹೋದ ಮೇಲೆ ಅವರನ್ನು ಹಿಡಿದಿಟ್ಟಿರುವುದು ಆ ಏರಿ ಮೇಲಿನ ಒಂದು ಗಂಟೆ. ನೀನೂ ನಿಮ್ಮಪ್ಪನ ಜೊತೆ ದಿನಾ ಚಂದ್ರವಳ್ಳಿಗೆ ಹೋಗುತ್ತಿದ್ದೆ ಅಂದೆಯಲ್ಲ. ಹೀಟನ್ ಪಾರ್ಕಿನಲ್ಲಿ ನಿನಗೆ ದುರ್ಗದ ಬಂಡೆ ಸಿಗಲ್ಲ. ಆದರೆ ಅಲ್ಲೊಂದು ದಿಬ್ಬ ಇದೆ. ಅದನ್ನು ಹತ್ತಿದರೆ ಊರು ಪೂರ್ತಿ ಕಾಣುತ್ತೆ.

ನಾನು ಜನವರಿ ಎರಡನೇ ವಾರ ವಾಪಸ್ ಬರುತ್ತೇನೆ. ಹೀಟನ್ ಪಾರ್ಕಿನ ಕೆರೆ ಹತ್ತಿರ ದೊಡ್ಡ ಕಲ್ಲಿನ ಕಂಬಗಳ ಸಾಲು ಇದೆ, ಮ್ಯಾಂಚೆಸ್ಟರಿನ ಹಳೇ ಟೌನ್‌ಹಾಲಿನ ಮುಂಭಾಗವನ್ನು ತಂದು ಅಲ್ಲಿ ನಿಲ್ಲಿಸಿದ್ದಾರೆ. ನಾನು ಬಂದ ಮೇಲಿನ ಮೊದಲ ಶನಿವಾರ ಹನ್ನೊಂದು ಗಂಟೆಗೆ ಅಲ್ಲೇ ಸಿಗೋಣ. ಅಮ್ಮ ಖಾರ ಮಂಡಕ್ಕಿ ಮಾಡಿ ಡಬ್ಬಿಗೆ ತುಂಬಿ ಕೊಡುತ್ತಾರೆ, ಫ್ಲಾಸ್ಕಿನಲ್ಲಿ ಚಹಾ ನಾನು ತರುತ್ತೇನೆ. ನೀನು ಮಗಳ ಕಾಲಿನ ಅಳತೆ ಬರೆದು ಕಳಿಸು. ನನ್ನ ಮಗಳ ಹಳೇ ರಬ್ಬರ್ ಬೂಟು, ಹಳದಿ ಬಣ್ಣದ್ದು, ಮನೆಯಲ್ಲಿ ಇನ್ನೂ ಇದೆ.