ಐದನೆಯ ದಿನದ ಗೆರೆ

ಪ್ರಶ್ನೆ: ನನ್ನ ಮಗಳು ಪ್ರಯೋಗಾಲಯದಲ್ಲಿ ಮೀನು ಮತ್ತು ಕಪ್ಪೆಗಳ ಭ್ರೂಣಗಳನ್ನು ಅಭ್ಯಾಸ ಮಾಡುತ್ತಾಳೆ. ಐದು ದಿನ ತುಂಬದ ಮೀನಿನ ಭ್ರೂಣವನ್ನು ಕಾನೂನು ಪ್ರಾಣಿಯೆಂದೇ ಎಣಿಸುವುದಿಲ್ಲವಂತೆ. ಹೃದಯ ಮಿಡಿಯುತ್ತಿರುವ ಜೀವ ಪ್ರಾಣಿಯಲ್ಲವೇ?
— ಓದುಗರೊಬ್ಬರು, ಧಾರವಾಡ

ಉತ್ತರ: ನೀವು ಹೇಳಿರುವುದು ಯುರೋಪಿಯನ್ ಒಕ್ಕೂಟದ ನಿಯಮ. ಅಲ್ಲಿನ 2010ರ ನಿರ್ದೇಶನವು ಮೀನು, ಕಪ್ಪೆಗಳಂಥ ಕಶೇರುಕಗಳ ಮರಿಗಳಿಗೆ, ಅವು ತಾವಾಗಿ ಆಹಾರ ತಿನ್ನಲು ತೊಡಗಿದಾಗಿನಿಂದ ರಕ್ಷಣೆ ಕೊಡುತ್ತದೆ. ಮೊದಲು ಮೊಟ್ಟೆಯ ಹಳದಿಯನ್ನೇ ಉಂಡು ಬೆಳೆಯುವ ಜೀಬ್ರಾಮೀನೆಂಬ ಪ್ರಯೋಗಾಲಯದ ಪುಟ್ಟ ಮೀನಿಗೆ ಆ ಹಂತ ಸುಮಾರು 120 ಗಂಟೆಗೆ, ಅಂದರೆ ಐದು ದಿನಕ್ಕೆ ಬರುತ್ತದೆ. ಆದರೆ ಹೃದಯ ಮಿಡಿಯತೊಡಗುವುದು ಒಂದು ದಿನದ ಸುಮಾರಿಗೇ, ಎರಡನೆಯ ದಿನ ಭ್ರೂಣವನ್ನು ಮುಟ್ಟಿದರೆ ಅದು ಕೊಸರಿಕೊಳ್ಳುತ್ತದೆ. ಕೊಸರುವುದೊಂದರಿಂದಲೇ ಅದಕ್ಕೆ ನೋವಾಯಿತೆಂದು ಹೇಳಲಾಗದು, ನೋವಿಲ್ಲವೆಂದೂ ಹೇಳಲಾಗದು. ಆದ್ದರಿಂದ ಐದನೆಯ ದಿನ ಆಡಳಿತಕ್ಕೆ ಬೇಕಾದ ಗೆರೆಯೇ ಹೊರತು ಸಂವೇದನೆ ಹುಟ್ಟುವ ಗಳಿಗೆಯಲ್ಲ. ಆ ನಿರ್ದೇಶನವೂ ಗೆರೆಯನ್ನು ಕುರುಡಾಗಿ ನಂಬಿಲ್ಲ: ಮೊದಲೇ ಪ್ರಯೋಗಕ್ಕೊಳಗಾದ ಭ್ರೂಣವನ್ನು ಮುಂದೆ ಬದುಕಲು ಬಿಟ್ಟು, ಆಮೇಲೆ ಅದು ನರಳುವ ಸಂಭವವಿದ್ದರೆ ಅದಕ್ಕೂ ರಕ್ಷಣೆಯನ್ನು ವಿಸ್ತರಿಸುತ್ತದೆ.

ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿಯೆಂದರೆ ಮನುಷ್ಯನನ್ನು ಬಿಟ್ಟು ಬೇರೆ ಯಾವುದೇ ಜೀವಿ. ದಿನಗಳ ಲೆಕ್ಕ ಆ ವ್ಯಾಖ್ಯೆಯಲ್ಲಿಲ್ಲ. ಸಾಧ್ಯವಿರುವೆಡೆ ಪ್ರಯೋಗವನ್ನೇ ಕೈಬಿಡಬೇಕೆಂದು ಹೇಳುವ ಅದೇ ಕಾಯ್ದೆ, ದೊಡ್ಡ ಪ್ರಾಣಿಗಳ ಬದಲು ಬಳಸಬಹುದಾದ ಸಣ್ಣ ಪ್ರಾಣಿಗಳ ಸಾಲಿನಲ್ಲಿ ಕಪ್ಪೆಯ ಹೆಸರನ್ನೂ ಬರೆದಿದೆ. ಗಾತ್ರ ಸಣ್ಣದಾದರೆ ನೋವೂ ಸಣ್ಣದೆಂಬ ಆ ಎಣಿಕೆಯನ್ನು ನಾನು ಒಪ್ಪಲಾರೆ.

ಆದರೂ ಭ್ರೂಣಗಳ ಅಧ್ಯಯನವನ್ನು ನಾನು ಸಮರ್ಥಿಸುತ್ತೇನೆ. ಜೀಬ್ರಾಮೀನಿನ ಮೊಟ್ಟೆ ತಾಯಿಯ ಒಡಲಿನ ಹೊರಗೆ, ಗಾಜಿನಂತೆ ಪಾರದರ್ಶಕವಾಗಿ ಬೆಳೆಯುವುದರಿಂದ, ಅಂಗಗಳು ಮೂಡುವ ಬಗೆಯನ್ನು ಏನನ್ನೂ ಕೊಯ್ಯದೆ ಸೂಕ್ಷ್ಮದರ್ಶಕದಲ್ಲೇ ಕಾಣಬಹುದು. ಆಫ್ರಿಕಾದ ಉಗುರುಕಪ್ಪೆಯ ಅಂಡಕ್ಕೆ ಗೊದಮೊಟ್ಟೆಯ ಕರುಳಿನ ಕೋಶದ ಕೇಂದ್ರವನ್ನು (ನ್ಯೂಕ್ಲಿಯಸ್) ಸೇರಿಸಿ ಬ್ರಿಟಿಷ್ ಜೀವವಿಜ್ಞಾನಿ ಜಾನ್ ಗರ್ಡನ್ 1962ರಲ್ಲಿ ಪ್ರಕಟಿಸಿದ ಫಲಿತಾಂಶದಿಂದ, ಬೆಳೆದ ಕೋಶದಲ್ಲೂ ಇಡೀ ದೇಹವನ್ನು ಕಟ್ಟುವ ಸೂಚನೆಗಳು ಉಳಿದಿರುತ್ತವೆಂದು ತಿಳಿಯಿತು; 2012ರಲ್ಲಿ ಅವರಿಗೆ ನೊಬೆಲ್ ಬಂತು.

ಭ್ರೂಣಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿಗೆ ಭಾರವಾಗುವುದು ಅದರ ತಾಯಿತಂದೆಗಳ ಸ್ಥಿತಿ. ಹೆಣ್ಣು ಉಗುರುಕಪ್ಪೆಗೆ ಹಾರ್ಮೋನ್ ಚುಚ್ಚಿ ಮೊಟ್ಟೆ ಇಡಿಸುತ್ತಾರೆ. ಮತ್ತೆ ಚುಚ್ಚುವ ಮುನ್ನ ಅದಕ್ಕೆ ದೀರ್ಘ ವಿಶ್ರಾಂತಿ ಬೇಕು. ವೀರ್ಯಕ್ಕಾಗಿ ಗಂಡು ಕಪ್ಪೆಯನ್ನು ಸಾಮಾನ್ಯವಾಗಿ ಕೊಂದೇ ವೃಷಣ ತೆಗೆಯುತ್ತಾರೆ. ಭ್ರೂಣದ ವಯಸ್ಸನ್ನಷ್ಟೇ ನೋಡುವವರಿಗೆ ಈ ಸಾವು ಕಣ್ಣಿಗೆ ಬೀಳುವುದೇ ಇಲ್ಲ.

ಆದ್ದರಿಂದ ಮಗಳನ್ನು ಹೀಗೆ ಕೇಳಿ: ಒಂದು ಗಂಡಿನ ವೃಷಣವನ್ನು ಎಷ್ಟು ಪ್ರಯೋಗಗಳಿಗೆ ಹಂಚಿಕೊಳ್ಳುತ್ತೀರಿ? ಹೆಣ್ಣಿಗೆ ಎಷ್ಟು ತಿಂಗಳ ಬಿಡುವು ಕೊಡುತ್ತೀರಿ? ಐದು ದಿನ ತುಂಬುವ ಮೊದಲೂ ಭ್ರೂಣಕ್ಕೆ ಅರಿವಳಿಕೆ ಕೊಟ್ಟೇ ಸೂಜಿ ಹಿಡಿಯುತ್ತೀರಾ?