ರಾಡ್ ಅಂಟಿಕೊಳ್ಳುತ್ತಿದೆಯಾ? ಎಲ್ಲರಿಗೂ ಅಂಟಿಕೊಂಡಿದೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವೆಲ್ಡಿಂಗ್ ಮತ್ತು ವರ್ಕ್‌ಶಾಪ್ ಕೆಲಸ ಕಲಿಯುವುದರ ಬಗ್ಗೆಯೇ. ಒಂದೇ ತರಹದವನ್ನು ಒಟ್ಟಿಗೆ ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಶಾಲೆ ಮುಗಿಸಿದೆ, ವೆಲ್ಡಿಂಗ್ ಕಲಿಯಬೇಕು ಅಂತಿದ್ದೇನೆ. ಎರಡು ತರಬೇತಿ ಕೇಂದ್ರ ನೋಡಿ ಬಂದೆ. ಒಂದರಲ್ಲಿ ಹೊಸ ಕಟ್ಟಡ, ಪ್ರೊಜೆಕ್ಟರ್, ಎಲ್ಲ ಥಳಥಳ. ಇನ್ನೊಂದು ಹಳೇ ಶೆಡ್, ಮೂಲೆಯಲ್ಲಿ ಕಬ್ಬಿಣದ ತುಂಡುಗಳ ರಾಶಿ. ಯಾವುದಕ್ಕೆ ಸೇರಲಿ?

ಉತ್ತರ: ಮೊದಲು ಆ ರಾಶಿಯನ್ನೇ ಇನ್ನೊಮ್ಮೆ ಹೋಗಿ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಕುದುರೆ ಲಾಳದ ಹಾಗೆ ಬಗ್ಗಿಸಿದ ಪಟ್ಟಿಗಳು ಅದರಲ್ಲಿ ಸಿಕ್ಕಿದರೆ ಅಲ್ಲಿ ಪಾಠ ನಿಜವಾಗಿ ನಡೆಯುತ್ತಿದೆ. ಬೆಸುಗೆ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಒಳಗೆ ಹಿಡಿದಿದೆಯಾ ಇಲ್ವಾ ಅಂತ ಬರೀ ಕಣ್ಣಿಗೆ ಗೊತ್ತಾಗಲ್ಲ. ಅದಕ್ಕೇ 10 ಮಿ.ಮೀ. ದಪ್ಪದ ಎರಡು ಪ್ಲೇಟ್ ತೆಗೆದುಕೊಂಡು, ಅಂಚುಗಳನ್ನು 30 ಡಿಗ್ರಿ ಓರೆ ಮಾಡಿ, ಮಧ್ಯೆ ಸುಮಾರು 3 ಮಿ.ಮೀ. ಸಂದಿ ಬಿಟ್ಟು, ಬುಡದಿಂದ ಮೇಲಿನವರೆಗೆ ಪದರ ಪದರವಾಗಿ ತುಂಬಿಸುತ್ತಾರೆ. ಆಮೇಲೆ ಅದನ್ನು ಪಟ್ಟಿಗಳಾಗಿ ಕೊಯ್ದು, ಪ್ರೆಸ್‌ಗೆ ಇಟ್ಟು 180 ಡಿಗ್ರಿ ಬಗ್ಗಿಸುತ್ತಾರೆ. ಬುಡ ಸರಿಯಾಗಿ ಕರಗಿ ಕೂಡಿಕೊಂಡಿಲ್ಲ ಅಂದರೆ ಅಲ್ಲೇ ಬಾಯಿ ಬಿಡುತ್ತದೆ. ತಾನು ಹಾಕಿದ್ದು ತನ್ನ ಕಣ್ಣೆದುರೇ ಬಾಯಿ ಬಿಟ್ಟಿದ್ದನ್ನು ಒಮ್ಮೆ ನೋಡಿದವರು ಬುಡದ ಪಾಸ್‌ನಲ್ಲಿ, ಅಂದರೆ ಮೊದಲ ಪದರದಲ್ಲಿ, ಮತ್ತೆ ಅವಸರ ಮಾಡಲ್ಲ.

ಇನ್ನೆರಡು ವಿಷಯ ಕೇಳಿ. ವೆಲ್ಡಿಂಗ್ ಮಾಡುವ ಒಂದು ಬೂತ್‌ಗೆ ಎಷ್ಟು ಜನ? ದಿನಕ್ಕೆ ಎಷ್ಟು ಹೊತ್ತು ಆರ್ಕ್ ಉರಿಸಲು ಬಿಡುತ್ತೀರಿ? (ಕರಗಿ ಬೆಸುಗೆ ತುಂಬುವ ಕಡ್ಡಿಯೇ ರಾಡ್, ಅದರ ತುದಿಗೂ ಕಬ್ಬಿಣಕ್ಕೂ ನಡುವೆ ಹೊತ್ತುವ ವಿದ್ಯುತ್ ಉರಿಯೇ ಆರ್ಕ್.) "ರಾಡ್ ದುಬಾರಿ, ದಿನಕ್ಕೆ ನಾಲ್ಕೇ ಕೊಡೋದು" ಅಂದರೆ ಸುಮ್ನೆ ಎದ್ದು ಬನ್ನಿ. ಹಾಗಂತ ಹಳೇ ಶೆಡ್ಡೇ ಒಳ್ಳೆಯದು ಅಂತಲ್ಲ. ಹೊಗೆ ಹೊರಗೆ ಹೋಗಲು ದಾರಿ ಇಲ್ಲದ ಶೆಡ್ ಆದರೆ ಅದಕ್ಕೂ ದೂರದಿಂದಲೇ ನಮಸ್ಕಾರ.

ಪ್ರಶ್ನೆ: ಎರಡು ವಾರದಿಂದ ಕಲಿಯುತ್ತಿದ್ದೇನೆ. ರಾಡ್ ಅಂಟಿಕೊಳ್ಳುತ್ತಲೇ ಇರುತ್ತದೆ. ಅಂಟದಿದ್ದರೆ ಆರ್ಕ್ ಆರಿಹೋಗುತ್ತದೆ. ಬೀಡ್ (ಬೆಸುಗೆಯ ಗೆರೆ) ನೋಡಿದರೆ ಕೋಳಿ ಕೆದರಿದ ಹಾಗಿದೆ. ನನ್ನ ಕೈಗೆ ಇದು ಬರಲ್ವಾ?

ಉತ್ತರ: ಬರುತ್ತೆ ಮಾರಾಯ್ರೇ. ಎರಡು ವಾರ ಅಂದರೆ ಏನೂ ಅಲ್ಲ.

ಮೊದಲು ಕರೆಂಟ್ ನೋಡಿ. 6013 ಅನ್ನುವ ನಮೂನೆಯ ರಾಡ್, 3.15 ಮಿ.ಮೀ. ದಪ್ಪದ್ದು ಆದರೆ ಸುಮಾರು 100ರಿಂದ 120 ಆಂಪಿಯರ್ ಇರಲಿ. ಪೆಟ್ಟಿಗೆ ಮೇಲೆ ಬರೆದಿರುತ್ತದೆ, ಅದನ್ನು ಯಾರೂ ಓದಲ್ಲ ಅನ್ನೋದು ಬೇರೆ ಮಾತು. ಹೊಸಬರು ಹೆದರಿ ಕರೆಂಟ್ ಕಡಿಮೆ ಇಟ್ಟುಕೊಳ್ಳುತ್ತಾರೆ, ಕಡಿಮೆ ಇದ್ದಷ್ಟೂ ಜಾಸ್ತಿ ಅಂಟುತ್ತದೆ. ಕರೆಂಟ್ ವಾಪಸು ಹೋಗುವ ಅರ್ಥ್ ಕ್ಲ್ಯಾಂಪ್ ತುಕ್ಕಿನ ಮೇಲೆ ಹಾಕಿದ್ದೀರಾ ಅಂತಲೂ ನೋಡಿ.

ಆರ್ಕ್ ಶುರು ಮಾಡುವಾಗ ಬೆಂಕಿಕಡ್ಡಿ ಗೀರುವ ಹಾಗೆ ಗೀರಿ, ಕುಟ್ಟಬೇಡಿ. ಅಂಟಿದರೆ ಮಣಿಕಟ್ಟು ತಿರುಗಿಸಿ ಥಟ್ಟನೆ ಎಳೆಯಿರಿ. ಬರಲಿಲ್ಲ ಅಂದರೆ ಹೋಲ್ಡರ್‌ನಿಂದ ರಾಡ್ ಬಿಡಿಸಿ, ಇಲ್ಲದಿದ್ದರೆ ಅದು ಕೆಂಪಗೆ ಕಾಯುತ್ತದೆ.

ಈಗ ಮುಖ್ಯವಾದದ್ದು. ರಾಡ್ ಉರಿಯುತ್ತಾ ಚಿಕ್ಕದಾಗುತ್ತಾ ಹೋಗುತ್ತದೆ ಅಲ್ವಾ, ಹಾಗಾಗಿ ನಿಮ್ಮ ಕೈ ಒಂದೇ ಹೊತ್ತಿಗೆ ಎರಡು ಕೆಲಸ ಮಾಡಬೇಕು, ಮುಂದಕ್ಕೆ ಸಾಗುತ್ತಲೂ ಇರಬೇಕು, ರಾಡ್ ಕರಗಿದಷ್ಟೂ ಕೆಳಕ್ಕೆ ಇಳಿಯುತ್ತಲೂ ಇರಬೇಕು. ಹೊಸಬರು ಮುಂದಕ್ಕೆ ಮಾತ್ರ ಹೋಗುತ್ತಾರೆ, ಇಳಿಯುವುದನ್ನು ಮರೆಯುತ್ತಾರೆ. ಆರ್ಕ್ ಉದ್ದವಾಗುತ್ತದೆ, ಕಿಡಿ ಎಲ್ಲೆಡೆ ಚೆಲ್ಲುತ್ತದೆ, ಕೊನೆಗೆ ಆರಿಹೋಗುತ್ತದೆ. ರಾಡ್ ಒಳಗಿನ ತಂತಿ ಎಷ್ಟು ದಪ್ಪವೋ ಹೆಚ್ಚುಕಡಿಮೆ ಅಷ್ಟೇ ಆರ್ಕ್ ಉದ್ದ ಇರಲಿ. ಸರಿ ಇದ್ದಾಗ ಕಾದ ಎಣ್ಣೆಯಲ್ಲಿ ಏನೋ ಕರಿಯುವ ಹಾಗೆ ಒಂದೇ ಸಮನೆ ಚರ್ರ್ ಅನ್ನುತ್ತದೆ. ಕಿವಿ ಕೊಟ್ಟು ಕೇಳಿ, ಅರ್ಧ ಕೆಲಸ ಕಿವಿಯೇ ಕಲಿಸುತ್ತದೆ.

ಕಣ್ಣು ಎಲ್ಲಿರಬೇಕು? ಬೆಳಕಿನ ಮೇಲಲ್ಲ. ಅದರ ಹಿಂದೆ ಕರಗಿದ ಲೋಹದ ಪುಟ್ಟ ಕೊಳ ಇರುತ್ತದೆ, ಅದರ ಮೇಲೆ. ಹೊಳೆಯುವುದು ಲೋಹ, ಅದರ ಮೇಲೆ ತೇಲುತ್ತಾ ಹಿಂದಕ್ಕೆ ಸರಿಯುವುದು ಸ್ಲಾಗ್, ಅಂದರೆ ರಾಡ್‌ನ ಲೇಪ ಕರಗಿ ಬರುವ ಕಿಟ್ಟ. ಇವೆರಡರ ವ್ಯತ್ಯಾಸ ಕಣ್ಣಿಗೆ ಸಿಕ್ಕ ದಿನ ನಿಮ್ಮ ಬೀಡ್ ತಾನಾಗಿ ನೆಟ್ಟಗಾಗುತ್ತದೆ. ಸಿಗದಿದ್ದರೆ ಸ್ಲಾಗ್ ಒಳಗೇ ಉಳಿದು, ಬಗ್ಗಿಸುವ ಪರೀಕ್ಷೆಯಲ್ಲಿ ನಿಮ್ಮ ಮಾನ ಕಳೆಯುತ್ತದೆ.

ಮೊಣಕೈಗೆ ಏನಾದರೂ ಆಸರೆ ಕೊಡಿ. ಮೆಷಿನ್ ಆಫ್ ಮಾಡಿಕೊಂಡು ಬೆಸುಗೆ ಹಾಕಬೇಕಾದ ಗೆರೆಯ ಮೇಲೆ ನಾಲ್ಕು ಸಲ ಕೈ ಆಡಿಸಿ. ನೋಡುವವರು ನಗಬಹುದು, ನಗಲಿ ಬಿಡಿ.

ಪ್ರಶ್ನೆ: ಮಗಳು ವೆಲ್ಡಿಂಗ್ ಕೋರ್ಸ್‌ಗೆ ಸೇರುತ್ತೇನೆ ಅನ್ನುತ್ತಿದ್ದಾಳೆ. ಹೆಣ್ಣುಮಕ್ಕಳಿಗೆ ಇದು ಆಗುತ್ತಾ? ಕಣ್ಣು, ಶ್ವಾಸಕೋಶ ಹಾಳಾಗಲ್ವಾ?

ಉತ್ತರ: ಮೊದಲನೆಯದಕ್ಕೆ: ಆಗುತ್ತೆ. ನಡುಗದ ಕೈ ಮತ್ತು ತಾಳ್ಮೆ ಬೇಕು, ಅದು ಗಂಡಸರಿಗೆ ಮಾತ್ರ ಹುಟ್ಟಿನಿಂದ ಬಂದಿಲ್ಲ.

ಎರಡನೆಯದು ಸರಿಯಾದ ಪ್ರಶ್ನೆ ಅಮ್ಮಾ. ಕಣ್ಣಿನ ವಿಷಯದಲ್ಲಿ ನನ್ನದೇ ಕಥೆ ಹೇಳುತ್ತೇನೆ. ಕಲಿಯುವ ದಿನಗಳಲ್ಲಿ, ಟ್ಯಾಕ್ (ತುಂಡುಗಳನ್ನು ಹಿಡಿದಿಡುವ ಪುಟ್ಟ ಬೆಸುಗೆ) ಹಾಕುವುದಷ್ಟೇ ಅಲ್ವಾ ಅಂತ ಹೆಲ್ಮೆಟ್ ಇಳಿಸದೆ ಹತ್ತು ಹದಿನೈದು ಸಲ ಕಣ್ಣು ಕಿರಿದು ಮಾಡಿ ಹೊಡೆದೆ. ಆಗ ಏನೂ ಆಗಲಿಲ್ಲ. ರಾತ್ರಿ ಎರಡು ಗಂಟೆಗೆ ಕಣ್ಣಿಗೆ ಮರಳು ತುಂಬಿದ ಹಾಗೆ ಉರಿ ಶುರುವಾಗಿ ಬೆಳಗಿನವರೆಗೆ ಗೋಡೆಗೆ ಒರಗಿ ಕೂತಿದ್ದೆ. ಆರ್ಕ್‌ನ ನೇರಳಾತೀತ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ, ನೋವು ಮಾತ್ರ ಕೆಲವು ಗಂಟೆ ತಡವಾಗಿ ಬರುತ್ತದೆ. ಸಾಮಾನ್ಯ ರಾಡ್ ಕೆಲಸಕ್ಕೆ 10 ಅಥವಾ 11ನೇ ಶೇಡ್‌ನ (ಸಂಖ್ಯೆ ಹೆಚ್ಚಿದಷ್ಟೂ ಗಾಢ) ಕಪ್ಪು ಗಾಜು ಹಾಕಿಕೊಂಡರೆ ಈ ಕಾಟ ಇಲ್ಲ. ಪಕ್ಕದಲ್ಲಿ ನಿಂತವರಿಗೂ ಪರದೆ ಬೇಕು.

ಹೊಗೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹೆದರಿ ಕೂರಲು ಇದನ್ನು ಹೇಳುತ್ತಿಲ್ಲ. ಹೊಗೆ ಎಳೆಯುವ ಫ್ಯಾನ್ ಎಲ್ಲಿದೆ, ಮಾಸ್ಕ್ ಕೊಡುತ್ತಾರಾ ಅಂತ ಸೇರುವ ಮೊದಲೇ ಮಗಳು ಕೇಳಲಿ. ಮುಖವನ್ನು ಹೊಗೆಯ ದಾರಿಯಲ್ಲಿ ಇಡಬಾರದು. ಸತುವಿನ ಲೇಪ ಇರುವ ತಗಡನ್ನು ಹಾಗೇ ವೆಲ್ಡ್ ಮಾಡಿದರೆ ಆ ಹೊಗೆಯಿಂದ ಸಂಜೆಗೆ ಚಳಿಜ್ವರ ಬರುತ್ತದೆ, ಮೊದಲು ಲೇಪ ಉಜ್ಜಿ ತೆಗೆಯಬೇಕು. ಬಟ್ಟೆ ದಪ್ಪ ಹತ್ತಿಯದೇ ಆಗಲಿ, ನೈಲಾನ್ ಕರಗಿ ಮೈಗೆ ಅಂಟುತ್ತದೆ.

ಪ್ರಶ್ನೆ: ಎಲ್ಲ ಕಡೆ ರೋಬೋಟ್ ಬರುತ್ತಿದೆ. ಈಗ ವೆಲ್ಡಿಂಗ್ ಕಲಿತು ಏನು ಪ್ರಯೋಜನ? ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೋಹ ಕತ್ತರಿಸುವ ಯಂತ್ರ) ಕಲಿಯಲಾ?

ಉತ್ತರ: ಒಂದೇ ತರಹದ ಸಾವಿರ ಜಾಯಿಂಟ್ ಇದ್ದರೆ ರೋಬೋಟೇ ಗೆಲ್ಲುತ್ತದೆ, ಅದರಲ್ಲಿ ವಾದ ಇಲ್ಲ. ಆದರೆ ಅದಕ್ಕೆ ಭಾಗಗಳು ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ಸಂದಿಯಲ್ಲಿ ಕೂತಿರಬೇಕು. ಸಂದಿ 2 ಮಿ.ಮೀ. ಜಾಸ್ತಿ ಆದರೆ, ಸೆನ್ಸರ್ ಇಲ್ಲದ ರೋಬೋಟ್ ತನ್ನ ಪಾಡಿಗೆ ತಾನು ತೂತು ಕೊರೆಯುತ್ತಾ ಹೋಗುತ್ತದೆ. ರಿಪೇರಿ, ಎತ್ತರದಲ್ಲಿರುವ ಪೈಪು, ಇಕ್ಕಟ್ಟಿನ ಮೂಲೆ ಇವೆಲ್ಲ ಇನ್ನೂ ಹೆಚ್ಚಾಗಿ ಮನುಷ್ಯನ ಕೈಯಲ್ಲೇ ಇವೆ. ಅಲ್ಲದೆ ವೆಲ್ಡಿಂಗ್ ಟಾರ್ಚ್ ಯಾವ ಕೋನದಲ್ಲಿ, ಎಷ್ಟು ವೇಗದಲ್ಲಿ ಹೋಗಬೇಕು ಅಂತ ರೋಬೋಟ್‌ಗೆ ಕಲಿಸಲು ವೆಲ್ಡಿಂಗ್ ಗೊತ್ತಿರುವವರೇ ಬೇಕು.

ಸಿಎನ್‌ಸಿ ಕಲಿಯುವುದಾದರೆ ಖಂಡಿತ ಕಲಿಯಿರಿ, ಆದರೆ ಮೊದಲು ಕೈಯಿಂದ ನಡೆಸುವ ಲೇತ್ (ಲೋಹವನ್ನು ಸುತ್ತಿಸಿ ಕತ್ತರಿಸುವ ಯಂತ್ರ) ಮೇಲೆ ಕೆಲವು ತಿಂಗಳು ಇರಿ. ಟೂಲ್ ಮೊಂಡಾದಾಗ ಬರುವ ಕೀರಲು ಶಬ್ದ, ಕತ್ತರಿಸಿ ಬರುವ ಚೂರಿನ ಬಣ್ಣ, ಇವು ಸ್ಕ್ರೀನ್ ಮೇಲೆ ಕಾಣಲ್ಲ.

ಪ್ರಶ್ನೆ: ಗಣಿತದಲ್ಲಿ ವೀಕ್. ನಡೆಯುತ್ತಾ?

ಉತ್ತರ: ಭಿನ್ನರಾಶಿ, ಕೋನ, ದಶಮಾಂಶ ಬಂದರೆ ಶುರು ಮಾಡಲು ಸಾಕು. ವರ್ನಿಯರ್ ಅನ್ನುವ ಅಳತೆ ಸಾಧನದಲ್ಲಿ 0.02 ಮಿ.ಮೀ. ಓದಲು ಒಂದು ವಾರದಲ್ಲಿ ಕಲಿಯುತ್ತೀರಿ. ಡ್ರಾಯಿಂಗ್ ಓದುವುದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.

ಪ್ರಶ್ನೆ: ಒಮ್ಮೆ ವೆಲ್ಡರ್ ಪರೀಕ್ಷೆ ಪಾಸಾದರೆ ಜೀವನಪೂರ್ತಿ ಸಾಕಾ?

ಉತ್ತರ: ಇಲ್ಲ. ನೀವು ಯಾವ ವಿಧಾನದಲ್ಲಿ, ಯಾವ ಭಂಗಿಯಲ್ಲಿ ಪಾಸಾದಿರೋ ಅದರ ವ್ಯಾಪ್ತಿಗೆ ಮಾತ್ರ ಅರ್ಹತೆ. 1ಜಿ ಅಂದರೆ ಪ್ಲೇಟ್ ಮಲಗಿರುತ್ತದೆ, 3ಜಿ ನಿಂತಿರುತ್ತದೆ, 4ಜಿ ತಲೆಯ ಮೇಲೆ. 6ಜಿ ಅಂದರೆ 45 ಡಿಗ್ರಿ ಓರೆಯಲ್ಲಿ ಅಲುಗಾಡದಂತೆ ಕಟ್ಟಿದ ಪೈಪ್, ಅದರ ಸುತ್ತ ನೀವೇ ಬಳಸಿಕೊಂಡು ಹೋಗಬೇಕು. ಪ್ರಮುಖ ನಿಯಮಾವಳಿಗಳಲ್ಲಿ, ಆರು ತಿಂಗಳು ಆ ವಿಧಾನದಲ್ಲಿ ವೆಲ್ಡಿಂಗೇ ಮಾಡಲಿಲ್ಲ ಅಂದರೆ ಅರ್ಹತೆ ಹೋಗುತ್ತದೆ. ಹಾಗಾಗಿ ಮಾಡಿದ ಕೆಲಸವನ್ನು ದಿನಾಂಕ ಹಾಕಿ ಬರೆದಿಟ್ಟು, ಅದಕ್ಕೆ ಸೂಪರ್‌ವೈಸರ್ ಸಹಿಯನ್ನು ಅವತ್ತೇ ತೆಗೆದುಕೊಳ್ಳಿ. ಕೆಲಸ ಬಿಟ್ಟ ಮೇಲೆ ಹೋಗಿ ಕೇಳಿದರೆ ಅವರಿಗೆ ನಿಮ್ಮ ಹೆಸರೂ ನೆನಪಿರಲ್ಲ.